ಗಿಟಾರಿನ ಪೆಟ್ಟಿಗೆಗೆ ಪಾದುಕೆ

ಕೈ ಸಾಲದಿದ್ದಾಗ ಮನುಷ್ಯ ಕಾಲನ್ನು ಕೆಲಸಕ್ಕೆ ಕರೆಯುತ್ತಾನೆ. ಹೊಲಿಗೆ ಯಂತ್ರ ತುಳಿಯುವವರಿಗೆ, ಸೈಕಲ್ ಹೊಡೆಯುವವರಿಗೆ ಅದರಿಂದ ಒಳ್ಳೆಯದೇ ಆಗಿದೆ. ನನಗೆ ಮಾತ್ರ ಅದರಿಂದಾದ ಆಘಾತ ಇನ್ನೂ ಎದೆಯಿಂದ ಇಳಿದಿಲ್ಲ.

ಎಂಬತ್ತರ ದಶಕದ ಆರಂಭ. ಬೆಟಗೇರಿಯ ಶಾಲೆಯೊಂದರಲ್ಲಿ ನಾನು ಗಣಿತದ ಮಾಸ್ತರ; ರಜೆ ಬಂತೆಂದರೆ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವ. ಭಾವಮೈದುನ ಮುಂಬಯಿಯಿಂದ ತಂದುಕೊಟ್ಟ, ಗಿಟಾರಿನ ಸ್ವರ ಬದಲಿಸುವ ಇಫೆಕ್ಟ್ ಪೆಟ್ಟಿಗೆಯೊಂದು ನನ್ನಲ್ಲಿತ್ತು. ಅದರ ಗುಂಡಿ ತುಸು ತಿರುಗಿಸಿದರೆ ಗಿಟಾರಿನ ಸ್ವರ ಚಳಿ ಹಿಡಿದವರಂತೆ ನಡುಗುತ್ತಿತ್ತು. ಪೂರ್ತಿ ತಿರುಗಿಸಿದರೆ ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ನಾನು ನಡುಗುವ ಹಾಗೆ. ಆದರೆ ಎರಡೂ ಕೈ ತಂತಿಯ ಮೇಲಿರುವಾಗ ಗುಂಡಿ ತಿರುಗಿಸುವವರು ಯಾರು? ಕಾಲಿನಿಂದ ತಿರುಗಿಸುವ ಉಪಾಯ ಕೇಳಲು ರೇಡಿಯೋ ರಿಪೇರಿ ಈರಣ್ಣನ ಹತ್ತಿರ ಹೋದೆ.

“ಪೆಟ್ಟಿಗಿ ಬಗಲಾಗ ಒಂದು ತೂತು ಹೊಡದು ಸಾಕೆಟ್ ಕುಂಡ್ರಸೂಣ್ರಿ ಮಾಸ್ತರ್ರ. ಪಿನ್ ಚುಚ್ಚಿದ್ರ ಕಾಲಿನ ಹುಕುಂ, ತಗದ್ರ ಗುಂಡಿ ಹುಕುಂ,” ಎಂದ. ಮುಂಬಯಿಯ ಪೆಟ್ಟಿಗೆಗೆ ಅವನು ಡ್ರಿಲ್ ಹಚ್ಚಿದಾಗ ನಾನು ಕಣ್ಣು ಮುಚ್ಚಿದೆ. “ನಿಮ್ಮ ಹಲ್ಲ ಕೀಳಾಕ ಹತ್ತಿಲ್ರಿ!” ಎಂದು ಬೈದ.

ಕಾಲಿನಿಂದ ತುಳಿಯುವ ಭಾಗಕ್ಕೆ ಹಳೇ ರೇಡಿಯೋದ ವಾಲ್ಯೂಮ್ ಗುಂಡಿ, ಒಂದು ಸ್ಪ್ರಿಂಗು, ಸ್ಟೇಷನ್ ತೋರಿಸುವ ಮುಳ್ಳನ್ನು ಸರಿಸುವ ದಾರ, ಎಲ್ಲ ಜೋಡಿಸಿದ. “ಮ್ಯಾಲ ಪಾದ ಇಡಾಕ ಒಂದು ಗಟ್ಟಿ ಕಟ್ಟಿಗಿ ತರ್ರಿ” ಎಂದ.

ಮನೆಯ ಗೋಡೆಯ ಮಾಡದಲ್ಲಿ ಅಜ್ಜನ ಕಟ್ಟಿಗೆಯ ಪಾದುಕೆಗಳಿದ್ದವು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಯಾರೂ ಮೆಟ್ಟುತ್ತಿರಲಿಲ್ಲ. ಗುಡಿಯ ಅರ್ಚಕರಾಗಿದ್ದ ಅಪ್ಪ ಆ ವಾರ ಪೂಜೆಯ ಕೆಲಸಕ್ಕೆ ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಒಂದು ಪಾದುಕೆ ಒಯ್ದು ಈರಣ್ಣನಿಂದ ಕೂಡಿಸಿಕೊಂಡೆ. ಅಪ್ಪ ದಿನಾ ನಸುಕಿನಲ್ಲಿ ಅವನ್ನು ಕಣ್ಣಿಗೊತ್ತಿಕೊಂಡೇ ಗುಡಿಗೆ ಹೋಗುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಎಂದೂ ಎದ್ದವನಲ್ಲ.

ನಾಲ್ಕು ದಿನದ ಮೇಲೆ ಮುಂಡರಗಿಯಲ್ಲಿ ನಮ್ಮ ಬಳಗದ್ದೇ ಮದುವೆ. ಸಂಜೆ ಆರ್ಕೆಸ್ಟ್ರಾ. ಕಾಲ್ಬೆರಳಿನ ನಡುವೆ ಪಾದುಕೆಯ ಗುಬುಟು ಸಿಕ್ಕಿಸಿ ಒತ್ತಿದರೆ ಸ್ವರ ತೇಲಿ ತೇಲಿ ಹೋಗುತ್ತಿತ್ತು. ಜನ ಊಟದ ಪಂಕ್ತಿ ಬಿಟ್ಟು ಬಂದರು. ಮೈಮರೆತು ಮುಚ್ಚಿದ್ದ ಕಣ್ಣು ತೆರೆದರೆ ಎದುರಿಗೆ ಅಪ್ಪ! ಲಕ್ಷ್ಮೇಶ್ವರದಿಂದ ನೇರ ಅಲ್ಲಿಗೇ ಬಂದಿದ್ದರು. ಅವರು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಕಾಲನ್ನು.

ಅವರು ವೇದಿಕೆ ಹತ್ತಿದರು. ನನ್ನ ಕಾಲು ಪಾದುಕೆಯನ್ನು ಪೂರ್ತಿ ಒತ್ತಿಕೊಂಡೇ ಮರಗಟ್ಟಿತು. ಗಿಟಾರು ಗಡಗಡ ನಡುಗತೊಡಗಿತು. ಕಪಾಳಕ್ಕೆ ಬೀಳುತ್ತದೆಂದು ಹಲ್ಲು ಕಚ್ಚಿ ನಿಂತೆ. ಅಪ್ಪ ಬಗ್ಗಿದರು. ಎರಡೂ ಕೈಯಿಂದ ಪಾದುಕೆ ಮುಟ್ಟಿ, ಹಣೆ ಹಚ್ಚಿದರು. ಅದರ ಮೇಲೆ ನನ್ನ ಕಾಲಿತ್ತು.

ಚಪ್ಪರ ಹಾರಿಹೋಗುವಂತೆ ಚಪ್ಪಾಳೆ! ಮದುಮಗಳ ತಂದೆ ಮೈಕಿನಲ್ಲೇ, “ನೋಡ್ರಿ, ಹಡದ ತಂದಿ ಸೈತ ಮಗನ ವಿದ್ಯಾಕ್ಕ ಶರಣಾದ್ರು!” ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಹಾಡು ಮುಗಿದ ಮೇಲೆ ಅಪ್ಪನೇ ಪಾದುಕೆ ಬಿಚ್ಚಿಕೊಂಡರು. ಮರುದಿನ ಗದಗಿನ ಬಸ್ಸಿನಲ್ಲಿ ಪಾದುಕೆಯನ್ನು ಶಲ್ಯದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಈರಣ್ಣನ ವೈರು ಹೊರಗೆ ಜೋತಾಡುತ್ತಿತ್ತು.

“ನಿಮ್ಮಜ್ಜ ಇವನ್ನ ಹಾಕ್ಕೊಂಡು ಗುಡಿಗೆ ಹೊಂಟ್ರ, ಆ ಸಪ್ಪಳಕ್ಕ ನನಗ ಎಚ್ಚರ ಆಗತಿತ್ತು,” ಎಂದರು. ವೈರನ್ನು ಶಲ್ಯದೊಳಗೆ ತುರುಕಿ, “ಇನ್ನೊಂದು ಕೇಳಿದ್ರ ಕೊಡಂಗಿಲ್ಲ ನೋಡಲೇ,” ಎಂದು ಕಿಟಕಿಯತ್ತ ತಿರುಗಿದರು.

ಅಂದು ಬಾರಿಸಿದ ಹಾಡು ಯಾರಿಗೂ ನೆನಪಿಲ್ಲ. ಆದರೆ ಆ ಕಡೆಯ ಬೀಗರು ಎಲ್ಲಿ ಸಿಕ್ಕರೂ, “ಸ್ವಂತ ತಂದಿ ಸೈತ ಇವರ ಕಾಲಿಗೆ ಬಿದ್ದಾರ, ಅಂಥಾ ಕಲಾವಿದ್ರು ನೋಡ್ರಿ,” ಎಂದು ಪರಿಚಯ ಮಾಡಿಸುತ್ತಾರೆ. ಖರೆ ಏನೆಂದು ಹೇಳಿಬಿಡಲು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಯಾರೋ ಎದ್ದು ನನಗೆ ಕುರ್ಚಿ ಬಿಟ್ಟುಕೊಡುತ್ತಾರೆ. ಕುಳಿತುಬಿಡುತ್ತೇನೆ.