ತೆಂಗಿನೆಣ್ಣೆ ಕುಡಿದ ಕಾರಿನ ಗಾಜು

ತೆಂಗಿನೆಣ್ಣೆಯಿಂದ ಗುಣವಾಗದ ಕಾಯಿಲೆ ಈ ಭೂಮಿಯ ಮೇಲೆ ಇಲ್ಲ ಎಂದು ನಾನು ನಂಬಿದವಳು. ತಲೆ ಬಿಸಿಯಾದರೆ ತೆಂಗಿನೆಣ್ಣೆ, ಹಿಮ್ಮಡಿ ಒಡೆದರೆ ತೆಂಗಿನೆಣ್ಣೆ, ದೇವರ ಕೋಣೆಯ ಬಾಗಿಲು ಕಿರುಗುಟ್ಟಿದರೂ ತೆಂಗಿನೆಣ್ಣೆ. ಹೀಗಿರುವಾಗ ಕಾರಿನ ಗಾಜು ಯಾವ ಲೆಕ್ಕ?

ನಮ್ಮದು ಹಳೆಯ ಕಾರು. ಎಂಜಿನ್ ಗಟ್ಟಿಯಿದೆ, ದೇವರ ದಯೆ. ಆದರೆ ನಾನು ಕೂರುವ ಎಡಬದಿಯ ಗಾಜಿಗೆ ಸೊಕ್ಕು. ಬಟನ್ ಒತ್ತಿದರೆ ಮೋಟಾರು ಮುಲುಗುತ್ತದೆ, ಗಾಜು ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಭಟ್ಕಳದ ಗ್ಯಾರೇಜಿಗೆ ಹೋದ ನಮ್ಮನೆಯವರು ಒಂದು ಸ್ಪ್ರೇ ಡಬ್ಬಿ ಹಿಡಿದು ಬಂದರು.

"ಗಾಜು ಜಾರುವ ರಬ್ಬರ್ ಪಟ್ಟಿ ಒರೆಸಿ, ಇದ್ನ ಹೊಡಿಯವು. ಎಣ್ಣೆ ಮಾತ್ರ ಹಚ್ಚಡ ಹೇಳಿದ್ದ ಗ್ಯಾರೇಜಿನವ."

ಡಬ್ಬಿ ಮೂಸಿ ನೋಡಿದೆ. ಇಲಿ ಪಾಷಾಣದ ವಾಸನೆ! ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಕೂತಿರುವ ಕಾರಿಗೆ ಇದನ್ನು ಹೊಡೆಯುವುದೇ? ಎಣ್ಣೆ ಹಚ್ಚಬೇಡಿ ಅಂದರೆ ಅವನು ಗ್ಯಾರೇಜಿನ ಕಪ್ಪು ಎಣ್ಣೆಗೆ ಹೇಳಿರಬೇಕು. ತೆಂಗಿನೆಣ್ಣೆ ಆ ಜಾತಿಗೇ ಸೇರಿದ್ದಲ್ಲ ಎಂದು ತೀರ್ಪು ಕೊಟ್ಟುಕೊಂಡೆ.

ತುರ್ತೂ ಇತ್ತು. ಮರುದಿನವೇ ಕುಮಟೆಯಲ್ಲಿ ನಾದಿನಿ ಸಾವಿತ್ರಿಯ ಮಗಳ ನಿಶ್ಚಿತಾರ್ಥ. ಹುಡುಗಿಯ ಮುಡಿಗೆ ಸೋದರಮಾವನ ಮನೆಯಿಂದ ಭಟ್ಕಳ ಮಲ್ಲಿಗೆಯೇ ಬರಬೇಕು. "ಹೂವಿನ ಜವಾಬ್ದಾರಿ ನಂದು, ಬೇರೆ ಯಾರಿಗೂ ಹೇಳಡ" ಎಂದು ಫೋನಿನಲ್ಲಿ ನಾನೇ ಎದೆ ತಟ್ಟಿ ಹೇಳಿದ್ದೆ. ಹೆದ್ದಾರಿಯ ಧೂಳು, ಗಾಳಿ ಬಡಿದರೆ ಮಲ್ಲಿಗೆ ಕುಮಟೆ ಮುಟ್ಟುವುದರೊಳಗೆ ಕಂದಿ ಹೋಗುತ್ತದೆ. ಗಾಜು ಮುಚ್ಚಲೇಬೇಕು.

ಮಧ್ಯಾಹ್ನ ನಮ್ಮನೆಯವರು ಮಲಗಿದ ಹೊತ್ತು ನೋಡಿ ರಬ್ಬರಿನ ಸಂದಿಗೆ ಎಣ್ಣೆ ಬಿಟ್ಟೆ. ಬಾಣಂತಿಗೆ ಹಚ್ಚುವಷ್ಟು ಧಾರಾಳವಾಗಿ! ಬಟನ್ ಒತ್ತಿದೆ. ಗಾಜು ಸುಯ್ಯೆಂದು ಇಳಿಯಿತು, ಸುಯ್ಯೆಂದು ಏರಿತು. ಅವರು ಎದ್ದು ಬಂದು ನೋಡಿ ಬೆರಗಾದರು.

"ಅಡ್ಡಿಲ್ಲೆ, ಸ್ಪ್ರೇ ಕೆಲಸ ಮಾಡ್ತು!"

ನಾನು ನಕ್ಕೆ. ಸಾಧಕರು ಹೆಚ್ಚು ಮಾತಾಡುವುದಿಲ್ಲ.

ಬೆಳಿಗ್ಗೆ ಒಳ್ಳೇ ಚಳಿ. ಬಾಟಲಿಯ ತೆಂಗಿನೆಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ಒಲೆಯ ಪಕ್ಕ ಇಟ್ಟು, ಕರಗಿಸಿ, ತಲೆಗೆ ಹಚ್ಚಿ ಬಾಚಿಕೊಂಡೆ. ಬಾಟಲಿಯಲ್ಲಿ ಹೆಪ್ಪುಗಟ್ಟಿದ ಎಣ್ಣೆ ಕಾರಿನ ಬಾಗಿಲಲ್ಲಿ ಎಂತ ಮಾಡುತ್ತಿರಬಹುದು ಎಂಬ ಯೋಚನೆ ಆ ತಲೆಗೆ ಬರಲೇ ಇಲ್ಲ!

ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹೊರಟೆವು. ಮುರ್ಡೇಶ್ವರದ ಕಮಾನು ಬಂತು. ನನ್ನ ಕೈ ಬಟನ್ನಿನ ಮೇಲೆ ಹೋಯಿತು.

"ಗಾಜು ಮುಟ್ಟಡ!"

"ದೇವರಿಗೆ ಗಾಜಿನ ಮರೆಯಿಂದ ಕೈ ಮುಗಿಯದಾ? ಸರಿ ಆಯ್ದಲಿ!"

ಇಳಿಸಿದೆ. ಭಕ್ತಿಯಿಂದ ಕೈ ಮುಗಿದೆ. ಏರಿಸಲು ಒತ್ತಿದೆ. ಮೋಟಾರು "ಉಂ" ಎಂದಿತು. ಗಾಜು ಏನೂ ಅನ್ನಲಿಲ್ಲ.

ಕಾರು ಬದಿಗೆ ನಿಂತಿತು. ಅವರು ಬಟನ್ ಒತ್ತುವುದು, ನಾನು ಎರಡೂ ಅಂಗೈಯಲ್ಲಿ ಗಾಜು ಹಿಡಿದು ಮೇಲೆತ್ತುವುದು ಎಂದು ತೀರ್ಮಾನವಾಯಿತು. ಗಾಜು ಒಂದಿಷ್ಟು ಬಂತು, ಸೊಟ್ಟಗಾಯಿತು, ಆಮೇಲೆ ಧಡ್! ಮಾಯ.

"ಗಾಜು ಎಲ್ಲಿ ಹೋತೇ?"

"ಬಾಗ್ಲೊಳಗೇ ಇದ್ದು. ಕಳದ್ದಿಲ್ಲೆ."

ಅವರು ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸಿದರು. ಬೆರಳ ತುದಿಗೆ ಬೆಳ್ಳಗಿನ ಹೆಪ್ಪು. ಮೂಸಿದರು. ನನ್ನ ತಲೆಯನ್ನೊಮ್ಮೆ ನೋಡಿದರು.

"ಎರಡೂ ಒಂದೇ ವಾಸ್ನೆ."

ಗಾಜು ಒಡೆಯಲಿಲ್ಲ, ಕೈ ಕೊಯ್ಯಲಿಲ್ಲ. ದೇವರು ದೊಡ್ಡವನು ಎಂದೆ. ಅವರು ಬೆರಳು ಒರೆಸಿಕೊಂಡು ಕಾರು ಹೊರಡಿಸಿದರು.

ನಾನು ಸೋಲುವವಳಲ್ಲ. ಸೋದರಮಾವನಾಗಿ ಹೊದೆಯಲು ತಂದಿದ್ದ ಅವರ ರೇಷ್ಮೆ ಶಾಲು ತೆಗೆದು ಕಿಟಕಿಗೆ ಪರದೆಯಂತೆ ಹಿಡಿದೆ. ಹೂವಿಗೆ ಗಾಳಿ ತಾಗಲಿಲ್ಲ. ಶರಾವತಿ ಸೇತುವೆಯವರೆಗೂ ವ್ಯವಸ್ಥೆ ಅಚ್ಚುಕಟ್ಟಾಗಿಯೇ ನಡೆಯಿತು. ಸೇತುವೆಯ ಮೇಲೆ ಹೊಳೆಗಾಳಿ ಒಂದು ಬೀಸು ಬೀಸಿತು ನೋಡಿ, ಕೈಯಲ್ಲಿ ಶಾಲಿಲ್ಲ!

"ನನ್ನ ಶಾಲು!"

"ಬಿಡಿ, ಹೊಳೆಗೆ ಬಾಗಿನ ಕೊಟ್ಟ ಹಾಂಗಾತು. ಬುಟ್ಟಿ ಹಾರಿದ್ದಿಲ್ಲೆ ಅಲ್ದಾ?"

ಹೊನ್ನಾವರ ದಾಟಿದೆವು. ನಮ್ಮ ಮುಂದೆ ಒಂದು ಮೀನಿನ ಲಾರಿ ಹೋಗುತ್ತಿತ್ತು. ಅದರ ಹಿಂದಿನಿಂದ ಮಂಜುಗಡ್ಡೆಯ ನೀರು ಸುರಿಯುತ್ತಿತ್ತು. ಆ ವಾಸನೆಗೆ ಮಲ್ಲಿಗೆಯ ಗತಿ ಎಂತ ಎಂದು ನನಗೆ ಜೀವ ಹೋಯಿತು.

"ಬೇಗ ಮುಂದೆ ಹೋಪನ! ಲಾರಿನ ಹಿಂದೆ ಹಾಕಿ!"

ಇದು ನನ್ನದೇ ಆಜ್ಞೆ. ನಮ್ಮನೆಯವರು ಬಲಕ್ಕೆ ತಿರುಗಿಸಿ ವೇಗ ಹೆಚ್ಚಿಸಿದರು. ಈಗ ಲಾರಿ ನನ್ನ ಎಡಕ್ಕೆ, ನನ್ನ ಗಾಜಿಲ್ಲದ ಕಿಟಕಿಗೆ ಸರಿಯಾಗಿ ಬಂತು. ಅದೇ ಹೊತ್ತಿಗೆ ರಸ್ತೆಯ ಹೊಂಡಕ್ಕೆ ಅದರ ಚಕ್ರ ಇಳಿಯಿತು. ಲಾರಿ ಓಲಾಡಿತು. ಲಾರಿಯ ಬದಿಯ ಕೊಳವೆಯಿಂದ ನೀರು ಚಿಮ್ಮಿತು.

ಯೋಚಿಸಲು ಸಮಯವಿರಲಿಲ್ಲ. ಬುಟ್ಟಿಯನ್ನು ಎದೆಗವಚಿ, ಕಿಟಕಿಗೆ ಬೆನ್ನು ಕೊಟ್ಟು, ಕೋಳಿ ತನ್ನ ಮರಿಗಳನ್ನು ಮುಚ್ಚಿಕೊಳ್ಳುವ ಹಾಗೆ ಕವುಚಿಬಿದ್ದೆ. ತಲೆಯಿಂದ ಸೊಂಟದವರೆಗೆ ಅಭಿಷೇಕವಾಯಿತು! ಹುಟ್ಟಿದಾಗಿನಿಂದ ಮೀನು ಮುಟ್ಟದ ಜೀವ ನಾನು. ಮೀನೇ ಬಂದು ನನ್ನನ್ನು ಮುಟ್ಟಿತು.

"ಹೂ ಒದ್ದೆ ಆತಾ?" ಎಂದರು ಅವರು, ಮೂಗು ಹಿಡಿದುಕೊಂಡೇ.

ಬಾಳೆಲೆ ಸರಿಸಿ ನೋಡಿದೆ. ಒಂದು ಹನಿ ಬಿದ್ದಿರಲಿಲ್ಲ. ಮೊಗ್ಗು ಮೊಗ್ಗಾಗಿ, ಕಟ್ಟಿದ ಹಾಗೇ ಇತ್ತು. ಆ ಕ್ಷಣ ನನ್ನಷ್ಟು ಧನ್ಯಳು ಮೂರು ತಾಲೂಕಿನಲ್ಲಿ ಇರಲಿಲ್ಲ.

ಕುಮಟೆಯ ಮನೆಯ ಅಂಗಳದಲ್ಲಿ ಸಾವಿತ್ರಿ ಎರಡೂ ಕೈ ಚಾಚಿ ಓಡಿ ಬಂದಳು. "ಅತ್ತಿಗೆ, ಬಂದ್ಯಾ!" ಅರ್ಧ ದಾರಿಯಲ್ಲೇ ನಿಂತಳು. ಸೆರಗು ಮೂಗಿಗೆ ಹೋಯಿತು.

"ಇದೆಂತ ವಾಸ್ನೆ ಅತ್ತಿಗೆ?"

"ಅದು ನಂದು. ಹೂವಿಂದಲ್ಲ. ಮೊದ್ಲು ಹೂ ತಗ."

ಅವಳು ಬುಟ್ಟಿ ತೆಗೆದುಕೊಂಡು ಮೂಸಿದಳು, ಮುಖ ಅರಳಿತು. ಬುಟ್ಟಿ ಮುಂಬಾಗಿಲಿಂದ ಒಳಗೆ ಹೋಯಿತು. ನಾನು ಹಿತ್ತಿಲ ಬಾಗಿಲಿಂದ ಬಚ್ಚಲಿಗೆ ಹೋದೆ. ಸಾಬೂನು, ಸೀಗೆಕಾಯಿ, ಕಡಲೆಹಿಟ್ಟು, ನಿಂಬೆಹಣ್ಣು ಎಲ್ಲವೂ ಆಯಿತು. ಸಾವಿತ್ರಿಯ ಸೀರೆ ಉಟ್ಟು ಹೊರಗೆ ಬಂದಾಗ ಮುಹೂರ್ತ ಇನ್ನೂ ಮೀರಿರಲಿಲ್ಲ. ಅದೂ ಒಂದು ಪುಣ್ಯ.

ಫೋಟೋಗಳು ಈಗ ಬಂದಿವೆ. ಎಲ್ಲದರಲ್ಲೂ ಹುಡುಗಿಯ ಜಡೆ ತುಂಬ ಭಟ್ಕಳ ಮಲ್ಲಿಗೆ ಬೆಳ್ಳಗೆ ನಗುತ್ತಿದೆ. ಒಂದರಲ್ಲಿ ನಾನೂ ಇದ್ದೇನೆ, ತುಂಬಿದ ಸಭೆಯ ಕೊನೆಯ ಸಾಲಿನಲ್ಲಿ, ಬೆನ್ನು ನೆಟ್ಟಗೆ ಮಾಡಿ, ಗೆದ್ದವಳ ಗತ್ತಿನಲ್ಲಿ. ನನ್ನ ಎಡಬಲದ ಕುರ್ಚಿಗಳು ಖಾಲಿ. ತೊಡೆಯ ಮೇಲೆ ಮಾತ್ರ ಸಾವಿತ್ರಿಯ ಮನೆಯ ಬೆಕ್ಕು, ಕಣ್ಮುಚ್ಚಿ ನನ್ನ ಮುಂಗೈ ನೆಕ್ಕುತ್ತಿದೆ. ಆ ದಿನ ಹುಡುಗಿಯ ಸೋದರಮಾವನ ಹೆಂಡತಿಗೆ ಸಲ್ಲಬೇಕಾದ ಪೂರ್ತಿ ಮರ್ಯಾದೆ ಕೊಟ್ಟಿದ್ದು ಅದೊಂದೇ!