ಎತ್ತಿದ ಕಾಲನ್ನು ಒದೆಯದೆ ಇಳಿಸಿದ ಕತ್ತೆಯವರಿಗೆ

ಗುಡ್ಡದ ತಿರುವಿನ ಕಿರುರಸ್ತೆಯಲ್ಲಿ ಕಾಯಂ ವಾಸ್ತವ್ಯ ಹೂಡಿರುವ, ಬೂದು ಮೈಬಣ್ಣದ, ಎಡಗಿವಿಯ ತುದಿ ಹರಿದಿರುವ ಕತ್ತೆಯವರಿಗೆ, ಹೈಸ್ಕೂಲು ಪಾಸಾಗಿ ಒಂದು ದೊಡ್ಡ ಸಂಸಾರವನ್ನು ನಡೆಸಿಕೊಂಡು ಬಂದಿರುವ ಹಿರಿಯಳೊಬ್ಬಳ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ನೋಡಿದಾಗ ತಮ್ಮ ಕ್ಷೇಮಕ್ಕೆ ಯಾವ ಕೊರತೆಯೂ ಕಾಣಲಿಲ್ಲ. ಕೊರತೆಯೆಲ್ಲ ತಮ್ಮೆದುರು ನಿಂತಿದ್ದ ನಮ್ಮ ಕಾರಿನೊಳಗೇ ಇತ್ತು. ಅದನ್ನು ನಾಲ್ಕು ಜನರ ಮುಂದೆ ಅರಿಕೆ ಮಾಡಿಕೊಳ್ಳಲೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಹಿರಿಯ ಮಗ ನನಗೆ ಸಮುದ್ರ ತೋರಿಸುತ್ತೇನೆಂದು ಹೊರಡಿಸಿದ. ದಾರಿಯಲ್ಲಿ ನನ್ನ ತಂಗಿಯನ್ನೂ ಹತ್ತಿಸಿಕೊಳ್ಳುವ ವಿಚಾರ ನನಗೆ ತಿಳಿದದ್ದು ಕಾರು ಅವಳ ಮನೆ ಬಾಗಿಲಲ್ಲಿ ನಿಂತ ಮೇಲೆ. ನಮ್ಮಿಬ್ಬರಿಗೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಸೊಸೆ ಮನೆಗೆ ಬಂದ ಹೊಸದರಲ್ಲಿ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ತಂಗಿಯಾದವಳು "ನಮ್ಮಕ್ಕ ಹೈಸ್ಕೂಲಲ್ಲಿ ಭೂಗೋಳದಲ್ಲಿ ಡುಮ್ಕಿ ಹೊಡೆದಿದ್ಲು" ಎಂದುಬಿಟ್ಟಳು. ನಮ್ಮ ತಮ್ಮನಂತೂ ಅನ್ನದ ತಟ್ಟೆಯ ಮೇಲೆ ಬಗ್ಗಿ ಬಗ್ಗಿ ನಕ್ಕ. ಅದು ನಿಜವೋ ಸುಳ್ಳೋ ಎಂಬುದು ಇಲ್ಲಿ ಅಪ್ರಸ್ತುತ. ಅವಳಾಗಿ ಮಾತಾಡಿಸುವವರೆಗೂ ನಾನು ಅವಳೊಡನೆ ಬಾಯಿ ಬಿಡುವುದಿಲ್ಲವೆಂದು ಅಂದೇ ಎಲ್ಲರ ಮುಂದೆ ಆಡಿದ್ದೆ. ಆಡಿದ ಮಾತನ್ನು ತಪ್ಪಿದವಳಲ್ಲ ಎಂಬುದೊಂದೇ ನಮ್ಮ ಮನೆಯಲ್ಲಿ ನನ್ನ ಆಸ್ತಿ.

ಹಿಂದಿನ ಸೀಟಿನಲ್ಲಿ ನಾನೊಂದು ಕಿಟಕಿ, ಅವಳೊಂದು ಕಿಟಕಿ, ನಡುವೆ ಅಂಚೆಯವಳಾಗಿ ಮೊಮ್ಮಗಳು. ಹೊರಗೆ ನಾವು ಕಂಡರಿಯದ ಸೀಮೆ: ಗುರುತು ಸಿಗದ ಗಿಡಗಳು, ಗಾಳಿಗೆ ಹಾರದಿರಲೆಂದು ಕಲ್ಲು ಹೇರಿಕೊಂಡ ಮಾಡುಗಳು, ಎಷ್ಟು ದೂರವೆಂದು ಕೇಳಿದರೂ "ಇಲ್ಲೇ, ಹತ್ರಾನೇ" ಎನ್ನುವ ಜನ. ಒಳಗೆ ಮಾತ್ರ ಹಳೆಯ ಸೀಮೆಯೇ.

"ಪುಟ್ಟೀ, ನಿಮ್ಮಜ್ಜಿಗೆ ಕಿಟಕಿ ಮುಚ್ಚೋಕೆ ಹೇಳು, ಧೂಳು ಬರ್ತಿದೆ."

"ಧೂಳು ಕಿಟಕಿಯಿಂದ ಬರ್ತಿಲ್ಲ, ಕೆಲವರ ಬಾಯಿಂದ ಬರ್ತಿದೆ ಅಂತ ಹೇಳು."

"ಅಜ್ಜಿ, ಹಾಗೇ ಹೇಳ್ಲಾ, ಇಲ್ಲ ಸ್ವಲ್ಪ ಸಕ್ಕರೆ ಹಾಕಿ ಹೇಳ್ಲಾ?"

ಹೀಗೆ ಗೌರವಯುತವಾಗಿ ಸಾಗುತ್ತಿದ್ದ ನಮ್ಮ ಪ್ರಯಾಣಕ್ಕೆ ತಾವು ಅಡ್ಡ ನಿಂತಿರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಳ್ಳ, ನಡುವೆ ತಾವು. ಮಗ ಹಾರನ್ ಒತ್ತಿದ. ತಾವು ಅದನ್ನು ಸಂಗೀತವೆಂಬಂತೆ ಕಣ್ಣು ಮುಚ್ಚಿ ಆಲಿಸಿದಿರಿ. ಸೊಸೆ ಬಿಸ್ಕತ್ತು ತೋರಿಸಿ ಬದಿಗೆ ಕರೆದಳು. ತಾವು ಕತ್ತನ್ನಷ್ಟೇ ಚಾಚಿ ಬಿಸ್ಕತ್ತನ್ನೂ ಅದರ ಹೊದಿಕೆಯನ್ನೂ ಸ್ವೀಕರಿಸಿ ಕಾಲುಗಳನ್ನು ಇದ್ದಲ್ಲೇ ಇಟ್ಟುಕೊಂಡಿರಿ. ಕಾಲ ಬಂದರೆ ಕತ್ತೆಯ ಕಾಲನ್ನೂ ಹಿಡಿಯಬೇಕು ಎಂಬ ಗಾದೆಯನ್ನು ಅಲ್ಲಿಯವರೆಗೆ ನಾನು ಬರೀ ಗಾದೆ ಎಂದುಕೊಂಡಿದ್ದೆ. ಇಷ್ಟೊಂದು ಕದಲದಿರುವ ಶಕ್ತಿ ಇಟ್ಟುಕೊಂಡು ತಾವು ರಸ್ತೆಯಲ್ಲಿ ಬಿಸಿಲು ಕಾಯುತ್ತಿರುವುದು ಅನ್ಯಾಯ; ಯಾವುದಾದರೂ ಕಚೇರಿಯಲ್ಲಿ ಇಷ್ಟರೊಳಗೆ ತಮಗೆ ದೊಡ್ಡ ಕುರ್ಚಿಯೇ ಸಿಕ್ಕಿರುತ್ತಿತ್ತು.

ಕೊನೆಗೆ ನಾನೇ ಇಳಿದು "ನಡಿ ಆ ಕಡೆ" ಎಂದೆ. ಆ ದನಿಗೆ ನಮ್ಮ ಮನೆಯಲ್ಲಿ ಕುಕ್ಕರು ಕೂಡ ಕೂಗಲು ಹಿಂದೆಮುಂದೆ ನೋಡುತ್ತದೆ. ತಾವು ಹರಿದ ಕಿವಿಯೊಂದನ್ನು ಮಾತ್ರ ನನ್ನ ಕಡೆ ತಿರುಗಿಸಿದಿರಿ. "ಅಂತೂ ಅಮ್ಮಂಗೆ ಸರಿಜೋಡಿ ಸಿಕ್ತು" ಎಂದು ಮಗ ಹೆಂಡತಿಯ ಬಳಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ತಮಗೂ ಕೇಳಿಸಿರಬೇಕು, ತಮ್ಮ ಕಿವಿ ನನ್ನದಕ್ಕಿಂತ ದೊಡ್ಡದು.

ಅಷ್ಟರಲ್ಲಿ ತಂಗಿಯೂ ಇಳಿದು, ತಳ್ಳಿಯೇ ನೋಡೋಣವೆಂದು ನೇರ ತಮ್ಮ ಬೆನ್ನ ಹಿಂದೆ ಹೋಗಿ ನಿಂತಳು. ತಾವು ಹಿಂಗಾಲೆತ್ತಿದಿರಿ. ಅವಳು ಅದನ್ನು ನೋಡದವಳಂತೆ ಅಲ್ಲೇ ನಿಂತಿದ್ದಳು. ನನ್ನ ಬಾಯಿ ನನ್ನನ್ನು ಕೇಳದೆಯೇ, "ಲೇ, ಅದರ ಹಿಂದೆ ನಿಂತ್ಕೋಬೇಡ್ವೇ, ಒದ್ಬಿಡುತ್ತೆ" ಎಂದಿತು.

"ಹೂಂ ಕಣಕ್ಕ" ಎಂದು ಅವಳು, ಬೆಳಗ್ಗೆಯಿಂದ ಮಾತಾಡಿಕೊಂಡೇ ಬಂದವಳ ಹಾಗೆ, ಈಚೆ ಬಂದು ನನ್ನ ತೋಳು ಹಿಡಿದುಕೊಂಡಳು.

ಆಮೇಲೆ ತಾವು ಮಾಡಿದ್ದೇನು? ಎತ್ತಿದ ಆ ಕಾಲಿನಿಂದ ಹೊಟ್ಟೆಯ ಮೇಲಿದ್ದ ಒಂದು ನೊಣವನ್ನು ಓಡಿಸಿ, ಕಾಲನ್ನು ಇಳಿಸಿ, ಬಂದ ಕೆಲಸ ಮುಗಿಯಿತೆಂಬಂತೆ ಇಳಿಜಾರಿನಲ್ಲಿ ನಡೆದುಹೋದಿರಿ. ಒಂದು ನೊಣಕ್ಕಾಗಿ ನನ್ನ ಇಷ್ಟು ವರ್ಷದ ಮಾತು ಮಣ್ಣುಪಾಲಾಯಿತು. "ಅಜ್ಜೀನೇ ಫಸ್ಟು ಮಾತಾಡಿದ್ದು, ನಾನ್ ನೋಡ್ದೆ" ಎಂದು ಮೊಮ್ಮಗಳು ಸಮುದ್ರದವರೆಗೂ ಸಾರುತ್ತಾ ಬಂದಳು.

ಸಮುದ್ರದವರೆಗೆ ತಂಗಿಯೂ ಬಾಯಿ ಮುಚ್ಚಲಿಲ್ಲ. ಹೋದ ವರ್ಷ ಎಡಗಣ್ಣಿಗೆ ಆಪರೇಷನ್ ಆಯಿತಂತೆ, ಆ ಕಡೆಯದು ಈಗಲೂ ಮಸುಕಂತೆ. ಅವಳು ಹೇಳಿಕಳಿಸಿರಲಿಲ್ಲ, ನಾನು ವಿಚಾರಿಸಿರಲಿಲ್ಲ. ತಾವು ಎತ್ತಿದ್ದು ಆ ಕಡೆಯ ಕಾಲು. ಇದನ್ನು ತಿಳಿಯುವಂತೆ ಮಾಡಿದ ಅಪರಾಧವನ್ನೂ ತಮ್ಮ ಮೇಲೆಯೇ ಹೊರಿಸುತ್ತಿದ್ದೇನೆ. ನೀರಿನಲ್ಲಿ ನಿಂತಾಗ ಆ ಕಡೆಯಿಂದ ಬರುವ ಅಲೆಗಳನ್ನೆಲ್ಲ ನಾನೇ ಅವಳಿಗೆ ಹೇಳಬೇಕಾಗಿ ಬಂತು. ಸಮುದ್ರವನ್ನು ನೆಟ್ಟಗೆ ನೋಡುವುದಕ್ಕೇ ನನಗೆ ಪುರುಸೊತ್ತಾಗಲಿಲ್ಲ.

ಆದಕಾರಣ ತಾವು ದಯಮಾಡಿ ನಮ್ಮ ಮನೆಗೆ ಬಂದು, ಆ "ಲೇ" ಎಂಬ ಸಂಬೋಧನೆ ತಮ್ಮನ್ನು ಕುರಿತದ್ದೆಂದು ಎಲ್ಲರ ಮುಂದೆ ಸಾಕ್ಷಿ ನುಡಿಯಬೇಕು. ನಾನು ತಮ್ಮನ್ನು ಬಹುವಚನದಲ್ಲಿ ಕರೆಯುತ್ತಿರುವುದು ಇದಕ್ಕೆ ಅಡ್ಡಿಯಾಗುವುದಾದರೆ, ಸದರಿ ನೊಣವನ್ನಾದರೂ ಹಾಜರುಪಡಿಸಬೇಕು.

ಇಂತಿ, ಮಾತು ತಪ್ಪಿಯೂ ತಲೆ ತಗ್ಗಿಸದ,
ತಮ್ಮ ವಿಶ್ವಾಸಿ,
ಹಿಂದಿನ ಸೀಟಿನ ಹಿರಿಯಳು

ತಾ.ಕ.: ಬರುವ ರಜೆಗೂ ಅದೇ ದಾರಿಯಲ್ಲಿ ಬರುತ್ತಿದ್ದೇವೆ. ಈ ಸಲ ತಟ್ಟೆಯ ಮೇಲೆ ಬಗ್ಗಿ ನಕ್ಕ ನಮ್ಮ ತಮ್ಮನೂ ಜೊತೆಗಿರುತ್ತಾನೆ. ಅವನೊಡನೆ ಈಗ ಅಕ್ಕತಂಗಿಯರಿಬ್ಬರೂ ಮಾತು ಬಿಟ್ಟಿದ್ದೇವೆ. ತಮ್ಮ ಹಿಂದೆ ಅವನನ್ನು ನಿಲ್ಲಿಸುವ ಹೊಣೆ ನಮ್ಮದು. ಅವನ ಎರಡು ಕಣ್ಣೂ ಚೆನ್ನಾಗಿವೆ. ಆದ್ದರಿಂದ ಕಾಲೆತ್ತಿದ ಮೇಲೆ ತಾವು ಅರ್ಧಕ್ಕೇ ಇಳಿಸುವ ಅಗತ್ಯವಿಲ್ಲ.