ಕಾಗದದ ಹಿಂಬದಿ ಓದಿದ ಫೋನಕ್ಕ

ಒಂದು ಬದಿ ಖಾಲಿ ಇರುವ ಕಾಗದವನ್ನು ಕಸದ ಬುಟ್ಟಿಗೆ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದನ್ನು ನನ್ನ ಹೆಂಡತಿ ಜಿಪುಣತನ ಎನ್ನುತ್ತಾಳೆ, ನಾನು ಮಿತವ್ಯಯ ಎನ್ನುತ್ತೇನೆ. ಮದುವೆಯ ಕರೆಯೋಲೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಅದರ ಬೆನ್ನು ನೋಡುವುದು ನನ್ನ ಅಭ್ಯಾಸ. ಬೆನ್ನು ಬಿಳಿಯಾಗಿದ್ದರೆ, ಮದುವೆಗೆ ನಾನು ಹೋದರೂ ಹೋಗದಿದ್ದರೂ, ಕರೆಯೋಲೆ ಮಾತ್ರ ನನ್ನ ಮೇಜಿನ ಖಾನೆ ಸೇರುತ್ತದೆ. ಪಾಂಡವಪುರದ ರೈತರ ಕಂಪನಿಯೊಂದರಲ್ಲಿ ಕಚೇರಿಯ ಮೇಲ್ವಿಚಾರಕ ನಾನು. ಆದ್ದರಿಂದ ನನ್ನ ಅಭ್ಯಾಸವೇ ಅಲ್ಲಿನ ನಿಯಮವೂ ಆಗಿಹೋಗಿದೆ. ಹೆಂಡತಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ಪರೀಕ್ಷೆ ಮುಗಿದ ಮೇಲೆ ಮಿಕ್ಕ ಪ್ರಶ್ನೆಪತ್ರಿಕೆಗಳನ್ನು ಅವಳು ಮನೆಗೆ ತರುತ್ತಾಳೆ, ನಾನು ಅವನ್ನು ಕಚೇರಿಗೆ ಒಯ್ಯುತ್ತೇನೆ. ನಮ್ಮ ಕಂಪನಿಯ ನೋಟೀಸನ್ನು ಯಾರಾದರೂ ತಿರುಗಿಸಿ ನೋಡಿದರೆ ಅಲ್ಲಿ ಒಂದೋ ಒಂಬತ್ತನೆಯ ತರಗತಿಯ ಪ್ರಶ್ನೆಗಳಿರುತ್ತವೆ, ಇಲ್ಲವೇ ಹಳೆಯದೊಂದು ನೋಟೀಸು ಇರುತ್ತದೆ. ವರ್ಷಗಟ್ಟಲೆ ಇದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ, ಏಕೆಂದರೆ ಮನುಷ್ಯರು ಗೋಡೆಗೆ ಅಂಟಿಸಿದ ಕಾಗದದ ಹಿಂಬದಿಯನ್ನು ಓದುವುದಿಲ್ಲ.

ಕಂಪನಿ ಎಂದರೆ ದೊಡ್ಡದೇನೂ ಅಲ್ಲ. ಬೀಜ, ಗೊಬ್ಬರ ಮಾರುತ್ತೇವೆ. ಭತ್ತದ ಸಸಿಯನ್ನು ತಟ್ಟೆಗಳಲ್ಲಿ ಬೆಳೆಸುವುದನ್ನು ಹೇಳಿಕೊಡುತ್ತೇವೆ. ಆ ಸಸಿಯನ್ನು ಗದ್ದೆಯಲ್ಲಿ ಸಾಲಾಗಿ ನೆಡುವ ಯಂತ್ರವೊಂದಿದೆ, ಅದನ್ನು ಊರಿಂದ ಊರಿಗೆ ಸರದಿಯ ಮೇಲೆ ಬಾಡಿಗೆಗೆ ಕಳಿಸುತ್ತೇವೆ. ಇರುವುದು ಒಂದೇ ಯಂತ್ರ, ಕೇಳುವವರು ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಯವರೆಗೆ. ನಾಟಿಯ ಕಾಲ ಬಂತೆಂದರೆ ನನ್ನ ಫೋನು ಒಲೆಯ ಮೇಲಿಟ್ಟಷ್ಟು ಬಿಸಿಯಾಗಿರುತ್ತದೆ. ಸರದಿ ಯಾವಾಗ ಎಂದು ಬೆಳಿಗ್ಗೆ ಕೇಳಿದವರೇ ಮಧ್ಯಾಹ್ನ ಮತ್ತೆ ಕೇಳುತ್ತಾರೆ, ಅಷ್ಟರೊಳಗೆ ನಾನು ಮನಸ್ಸು ಬದಲಾಯಿಸಿರಬಹುದು ಎಂಬ ಹಾಗೆ. ಊಟಕ್ಕೆ ಕುಳಿತಾಗ ಫೋನ್ ಮಾಡಿ, "ಊಟಕ್ಕೆ ಕೂತ್ರಾ? ಕೂತ್ಕಳಿ, ಒಂದ್ ಮಾತ್ ಕೇಳ್ಬುಡ್ತೀನಿ" ಎನ್ನುವವರಿಗೆ ಲೆಕ್ಕವಿಲ್ಲ. ಹಾಗಾಗಿ ವಾಟ್ಸಾಪಿನಲ್ಲಿ ಪ್ರಶ್ನೆ ಕೇಳಿದರೆ ತಾನೇ ಉತ್ತರ ಹೇಳುವ ಎಐ ಯಂತ್ರವೊಂದನ್ನು ತರೋಣ ಎಂದು ಆಡಳಿತ ಮಂಡಳಿಯಲ್ಲಿ ಮಾತು ಬಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು. ರೈತರ ಹಿತಕ್ಕಾಗಿ ಎಂದು ಹೇಳಿದೆ. ಬಿಸಿ ಊಟ ಮಾಡುವ ಆಸೆಯಿಂದ ಎಂಬುದು ನಿಜ.

ಈ ಎಐ ಯಂತ್ರವನ್ನು ಹೊಂದಿಸಿಕೊಟ್ಟವಳು ಶಬಾನಾ. ಶ್ರೀರಂಗಪಟ್ಟಣದ ಗಂಜಾಂ ಕಡೆಯ ಹುಡುಗಿ, ಇಂಜಿನಿಯರಿಂಗ್ ಓದಿ ನಮ್ಮ ಕಂಪನಿಯ ಕಂಪ್ಯೂಟರ್ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಾಳೆ. ಅವಳ ತಂದೆಯ ಗೂಡ್ಸ್ ಗಾಡಿಯಲ್ಲೇ ನಮ್ಮ ನಾಟಿ ಯಂತ್ರ ಊರೂರು ತಿರುಗುವುದು. ಶಬಾನಾಗೆ ಸಹನೆ ಹೆಚ್ಚು, ನಗು ಕಡಿಮೆ. ಎಐ ಯಂತ್ರಕ್ಕೆ ಅವಳು ಹೆಣ್ಣಿನ ದನಿ ಇಟ್ಟಿದ್ದರಿಂದ ರೈತರೇ ಅದಕ್ಕೆ ಫೋನಕ್ಕ ಎಂದು ಹೆಸರಿಟ್ಟುಬಿಟ್ಟರು.

ಮೊದಲ ವಾರದ ಫೋನಕ್ಕನಿಗೆ ಗೊತ್ತಿಲ್ಲ ಎಂಬ ಮಾತೇ ಗೊತ್ತಿರಲಿಲ್ಲ. ಏನು ಕೇಳಿದರೂ "ಮಾನ್ಯರೇ" ಎಂದು ಶುರುಮಾಡಿ ಭಾಷಣದ ಕನ್ನಡದಲ್ಲಿ ಧೈರ್ಯವಾಗಿ ಹೇಳುತ್ತಿದ್ದಳು. ನಾಗಮಂಗಲದ ರೈತನೊಬ್ಬ ರಾಗಿ ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ, ಬಸ್ ನಿಲ್ದಾಣದ ಎದುರಿನ ನಮ್ಮ ನಾಗಮಂಗಲ ಶಾಖೆಗೆ ಭೇಟಿ ಕೊಡಿ ಎಂದಳು. ನಾಗಮಂಗಲದಲ್ಲಿ ನಮಗೆ ಶಾಖೆಯಿರಲಿ, ಒಂದು ಬೋರ್ಡೂ ಇಲ್ಲ. ಆತ ಚೀಲ ಹಿಡಿದು ನಿಲ್ದಾಣದ ಸುತ್ತ ತಿರುಗಿ, ಕೊನೆಗೆ ನನಗೆ ಫೋನ್ ಮಾಡಿ, "ಎಲ್ಲಲಾ ಐತೆ ನಿಮ್ ಬ್ರಾಂಚು? ಇಲ್ ಕೇಳುದ್ರೆ ಜನ ನನ್ನೇ ಒಂಥರಾ ನೋಡ್ತಾವ್ರೆ" ಎಂದ. ನನ್ನ ವಯಸ್ಸು ಗೊತ್ತಿದ್ದೂ ಲಾ ಎಂದನಲ್ಲ ಎಂದು ಬೇಸರವಾಯಿತು. ಆದರೆ ತಪ್ಪು ನಮ್ಮದು, ಶಬಾನಾಳನ್ನು ಕರೆದೆ.

ಶಬಾನಾ ವಿವರಿಸಿದಳು. ಈ ಯಂತ್ರ ಲೋಕದ ಸಾವಿರಾರು ಪುಸ್ತಕ ಓದಿದೆ, ಆದರೆ ನಮ್ಮ ಕಂಪನಿಯ ವಿಚಾರ ಯಾವ ಪುಸ್ತಕದಲ್ಲೂ ಇಲ್ಲ. ಹಾಗಾಗಿ ಕೇಳಿದ್ದಕ್ಕೆ ಹೊಂದುವ ಹಾಗೆ ತಾನೇ ಕಟ್ಟಿ ಹೇಳುತ್ತದೆ. ಅದು ಹಾಗೆ ಕಟ್ಟಬಾರದು ಎಂದರೆ ನಮ್ಮ ಕಾಗದಪತ್ರಗಳನ್ನು ಅದಕ್ಕೆ ಕೊಡಬೇಕು. ಯಾರಾದರೂ ಪ್ರಶ್ನೆ ಕೇಳಿದಾಗ ಅದು ಮೊದಲು ಆ ಕಾಗದಗಳಲ್ಲಿ ಹುಡುಕಿ, ಸಿಕ್ಕಿದ್ದನ್ನು ಓದಿಕೊಂಡು, ಆಮೇಲೆ ಬಾಯಿ ತೆಗೆಯುತ್ತದೆ. ಕೇಳಲು ಇಷ್ಟು ಸುಲಭವಾಗಿದ್ದ ವಿಷಯ ಮೊದಲೇ ನನಗೆ ಹೊಳೆಯಬೇಕಿತ್ತು ಅನ್ನಿಸಿತು. ಕಾಗದ ತಾನೇ, ಎಷ್ಟು ಬೇಕು ಹೇಳು ಎಂದು ಬೀರುಗಳ ಬಾಗಿಲು ತೆಗೆದೆ.

ಸ್ಕ್ಯಾನರ್ ಬಾಡಿಗೆಗೆ ಬಂತು. ಮುಖ್ಯವಾದ ಕಾಗದಗಳನ್ನು ಮಾತ್ರ ಆರಿಸಿ ಕೊಡಿ ಎಂದು ಶಬಾನಾ ಹೇಳಿದಳು. ಯಾವುದು ಮುಖ್ಯವಲ್ಲ ಎಂದು ನಾನು ಹೇಗೆ ಹೇಳಲಿ? ಎಲ್ಲವನ್ನೂ ಇಟ್ಟುಕೊಂಡಿರುವುದೇ ಎಲ್ಲವೂ ಮುಖ್ಯ ಎಂದು. ಒಂದು ಬದಿ ಸಾಕಾ ಎರಡೂ ಬದಿ ಬೇಕಾ ಎಂದು ಸ್ಕ್ಯಾನರಿನವನು ಕೇಳಿದ. ಎರಡು ಬದಿಗೂ ಬಾಡಿಗೆ ಒಂದೇ ಎಂದು ತಿಳಿದ ಮೇಲೆ ಒಂದೇ ಬದಿ ಮಾಡಿಸುವುದು ನನ್ನ ಜಾಯಮಾನಕ್ಕೆ ಒಗ್ಗುವ ಮಾತಲ್ಲ. ಶಬಾನಾ ಆ ದಿನ ರಜೆಯಲ್ಲಿದ್ದಳು. ಅವಳು ಬರುವಷ್ಟರಲ್ಲಿ ಮೂರು ಬೀರುಗಳ ಸರಕು, ಮುಂಬದಿ ಹಿಂಬದಿ ಸಮೇತ, ಫೋನಕ್ಕನ ಹೊಟ್ಟೆ ಸೇರಿತ್ತು.

ಪರಿಣಾಮ ಮರುದಿನವೇ ಕಾಣತೊಡಗಿತು. ಭತ್ತದ ಎಲೆ ಹಳದಿಯಾಗಿದೆ ಎಂದ ರೈತನಿಗೆ ಸತುವಿನ ಗೊಬ್ಬರ ಹಾಕಲು ಸರಿಯಾಗಿಯೇ ಹೇಳಿ, ಕೊನೆಯಲ್ಲಿ "ಮೇಲಿನವುಗಳಲ್ಲಿ ಯಾವುದಾದರೂ ಎರಡಕ್ಕೆ ಉತ್ತರಿಸಿ" ಎಂದು ಸೇರಿಸಿದಳು. ಕಬ್ಬು ಕಡಿದ ಮೇಲೆ ಉಳಿಯುವ ಒಣ ರವದಿ ಸುಡಬೇಕೋ ಬೇಡವೋ ಎಂದು ಕೇಳಿದವನಿಗೆ ಸುಡಬೇಡಿ ಎಂದು ಬುದ್ಧಿ ಹೇಳಿ, ಶ್ರೀರಂಗಪಟ್ಟಣದ ಕೋಟೆಯ ಮಹತ್ವವನ್ನು ಐದು ವಾಕ್ಯಗಳಲ್ಲಿ ವಿವರಿಸಿ ಎಂದಳು. ಆತ ಕೋಟೆಯ ಪಕ್ಕದವನೇ, ದನಿ ರೆಕಾರ್ಡ್ ಮಾಡಿ ಐದಕ್ಕೆ ಬದಲು ಹನ್ನೆರಡು ವಾಕ್ಯ ಕಳಿಸಿದ್ದ. ರೈತರು ಇದನ್ನು ಖುಷಿಯಿಂದ ಒಬ್ಬರಿಗೊಬ್ಬರು ಕೇಳಿಸುತ್ತಿದ್ದರು. ಹೆಂಡತಿಗೆ ಹೇಳಿದರೆ, ಅಂತೂ ನನ್ನ ಪ್ರಶ್ನೆಗೆ ಮನಸಿಟ್ಟು ಉತ್ತರ ಬರೆದವನೊಬ್ಬ ಸಿಕ್ಕಿದನಲ್ಲ ಎಂದಳು. ಇದನ್ನು ಸರಿಪಡಿಸಬೇಕು ಸರ್, ನಗುವ ವಿಷಯ ಅಲ್ಲ ಎಂದು ಶಬಾನಾ ಎರಡು ಸಲ ಹೇಳಿದಳು. ನಾಟಿ ಮುಗಿಯಲಿ, ಆಮೇಲೆ ನೋಡೋಣ ಎಂದೆ. ನನ್ನ ಫೋನು ತಣ್ಣಗಿತ್ತು, ಊಟ ಬಿಸಿಯಾಗಿತ್ತು. ಅವಸರ ಏನು ಎಂಬುದು ನನ್ನ ಲೆಕ್ಕಾಚಾರ.

ಒಂದು ಸೋಮವಾರ ಬೆಳಿಗ್ಗೆ ಜಯಮ್ಮನವರ ಫೋನ್ ಬಂತು. ಬೂಕನಕೆರೆಯ ಹತ್ತಿರದ ಊರಿನವರು, ಮೊದಲ ಸಲ ತಟ್ಟೆಗಳಲ್ಲಿ ಸಸಿ ಬೆಳೆಸಿದ್ದರು. ಗಂಡನೂ ಮೈದುನನೂ ಬೇಡವೆಂದರೂ ಕೇಳದೆ, ಈ ಸಲ ಯಂತ್ರದಲ್ಲೇ ನಾಟಿ ಎಂದು ಹಟ ಹಿಡಿದವರು. ಗದ್ದೆ ಕೆಸರಾಗಿ ಹದಕ್ಕೆ ಬಂದಿತ್ತು. ನೋಡಲೆಂದು ಅರ್ಧ ಊರು ಬದುವಿನ ಮೇಲೆ ನಿಂತಿತ್ತು. ನಮ್ಮ ಕಡೆ ನಾಟಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿಯಿಲ್ಲ. ಯಂತ್ರದವರಿಗೆಂದು ನಾಟಿಕೋಳಿ ಸಾರು ಕುದಿಯುತ್ತಿತ್ತು. ಬರದೆ ಇದ್ದದ್ದು ಯಂತ್ರ ಮಾತ್ರ. ಅದು ಆ ಹೊತ್ತಿನಲ್ಲಿ ಶ್ರೀರಂಗಪಟ್ಟಣದ ಕಡೆ ಸಿದ್ದೇಗೌಡರೆಂಬ ರೈತರ ಗದ್ದೆಯಲ್ಲಿತ್ತು. ಬೂಕನಕೆರೆಯ ಸರದಿ ಇದ್ದದ್ದು ಮುಂದಿನ ವಾರ, ಫೋನಕ್ಕ ಅವರಿಗೆ ಹೇಳಿದ್ದು ಈ ಸೋಮವಾರ.

ನಾನು ಬೈಕ್ ಹತ್ತಿ ಓಡಿದೆ. ಫೋನಿನಲ್ಲೇ ಹೇಳಿಬಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಹೋಗಿ ನೋಡಿದರೆ ತಟ್ಟೆಯ ಸಸಿ ನೆಡುವ ಹದ ಮೀರುವ ಅಂಚಿನಲ್ಲಿತ್ತು. ಇನ್ನೊಂದು ವಾರ ಬಿಟ್ಟರೆ ಬೇರು ಹೆಣೆದುಕೊಂಡು ಯಂತ್ರದ ಹಿಡಿಗೆ ಬರುವುದಿಲ್ಲ, ಕಿತ್ತು ಕೈಯಲ್ಲಿ ನೆಡಲು ಆಳು ಸಿಗುವುದಿಲ್ಲ. ಜಯಮ್ಮನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರ ಮೈದುನ ಮಾತ್ರ, "ಫೋನಕ್ಕನ್ನೇ ಕರ್ಸಿ ನಾಟಿ ಮಾಡ್ಸು ಅತ್ಗೆ" ಎಂದ, ಬದುವಿನ ಮೇಲಿದ್ದವರೆಲ್ಲ ನಕ್ಕರು. ಜಯಮ್ಮನವರು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ಬಂದವರಿಗೆಲ್ಲ ಆ ಕೋಳಿ ಸಾರನ್ನೇ ಬಡಿಸಿದರು.

ಅಲ್ಲೇ ಮಾವಿನ ಮರದ ಕೆಳಗೆ ನಿಂತು ಸಿದ್ದೇಗೌಡರಿಗೆ ಫೋನ್ ಮಾಡಿದೆ. ಅವರದು ಒಂದು ಗದ್ದೆ ಮುಗಿಯುತ್ತಿತ್ತು, ಇನ್ನೊಂದು ಬಾಕಿ. ಸಸಿಯ ಸ್ಥಿತಿ ಕೇಳಿ ತಿಳಿದುಕೊಂಡು, "ನಂದಿನ್ನೂ ಎಳಸು ಐತೆ, ತಡೀತದೆ. ಆ ಎಣ್ಮಗಳದ್ದು ಕೆಟ್ಟೋಗದು ಬ್ಯಾಡ, ಕಳುಸ್ಬುಡ್ತೀನಿ" ಎಂದರು. ಶಬಾನಾಳ ತಂದೆ ಬೇರೆ ಬಾಡಿಗೆ ಬಿಟ್ಟು ಗಾಡಿ ತಂದರು. ಮರುದಿನ ಬೆಳಿಗ್ಗೆ ಜಯಮ್ಮನವರ ಗದ್ದೆಗೆ ಯಂತ್ರ ಇಳಿಯಿತು, ಮಧ್ಯಾಹ್ನದೊಳಗೆ ಸಾಲು ಸಾಲಾಗಿ ಸಸಿ ನಿಂತವು. ಮೈದುನ ಆ ಹೊತ್ತಿಗೆ ಎಲ್ಲೋ ಹೋಗಿದ್ದ.

ತಪ್ಪು ಎಲ್ಲಿಯದೆಂದು ಶಬಾನಾ ಪತ್ತೆಹಚ್ಚಿದಳು. ಈ ಸಲದ ಸರದಿಯ ನೋಟೀಸನ್ನು ನಾನು ಹೋದ ವರ್ಷದ ಸರದಿಯ ನೋಟೀಸಿನ ಬೆನ್ನ ಮೇಲೆ ಮುದ್ರಿಸಿದ್ದೆ. ಎರಡಕ್ಕೂ ತಲೆಬರಹ ಒಂದೇ. ತಾರೀಕು ಎರಡರಲ್ಲೂ ಇಲ್ಲ. ನಮ್ಮಲ್ಲಿ ನೋಟೀಸು ಬರೆಯುವುದೇ "ಬರುವ ಸೋಮವಾರ" ಎಂದು. ಒಂದು ವಾರ ಗೋಡೆಯ ಮೇಲಿದ್ದು ಹೋಗುವ ಕಾಗದಕ್ಕೆ ಇಸವಿ ಯಾಕೆ? ಆದರೆ ಫೋನಕ್ಕನಿಗೆ ಯಾವ ಸೋಮವಾರವೂ ಹೋಗುವುದಿಲ್ಲ, ಎಲ್ಲವೂ ಬರುತ್ತಲೇ ಇರುತ್ತವೆ. ಹೋದ ವರ್ಷದ ನೋಟೀಸಿನಲ್ಲಿ "ಬರುವ ಸೋಮವಾರ ಬೂಕನಕೆರೆಗೆ" ಎಂದಿತ್ತು, ಅವಳು ಅದನ್ನು ಓದಿದಳು.

ಆಮೇಲೆ ಕೂತು ಬೀರುಗಳನ್ನು ಸೋಸಿದೆವು. ಪ್ರಶ್ನೆಪತ್ರಿಕೆಗಳು ಮನೆಗೆ ವಾಪಸು ಹೋದವು. ಚಾಲ್ತಿಯಲ್ಲಿರುವ ಕಾಗದ ಮಾತ್ರ ಒಳಗೆ, ಪ್ರತಿಯೊಂದಕ್ಕೂ ತಾರೀಕು ಮತ್ತು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಗುರುತು, ಹೊಸದು ಬಂದ ಕೂಡಲೇ ಹಳೆಯದು ಹೊರಗೆ ಎಂದು ಶಬಾನಾ ಕಟ್ಟುನಿಟ್ಟು ಮಾಡಿದಳು. ಯಾವ ಕಾಗದ ನೋಡಿ ಹೇಳಿದೆ ಎಂದು ಫೋನಕ್ಕ ಪ್ರತಿ ಉತ್ತರದ ಕೊನೆಗೆ ಹೇಳಬೇಕು, ಸಿಗದಿದ್ದರೆ ಗೊತ್ತಿಲ್ಲ ಎನ್ನಬೇಕು. ಇದಕ್ಕೆ ಮಾತ್ರ ನಾನು ತಕರಾರು ಮಾಡಿದೆ. ಗೊತ್ತಿಲ್ಲ ಎಂದರೆ ಕಂಪನಿಯ ಮರ್ಯಾದೆ ಏನಾಗಬೇಕು? "ಸುಳ್ಳು ಹೇಳಿ ಉಳಿಸಿದ್ದು ಎಷ್ಟಿದೆ ಸರ್?" ಎಂದಳು ಶಬಾನಾ. ಅವಳು ವ್ಯಂಗ್ಯವಾಡುವ ಹುಡುಗಿಯಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ತಕರಾರು ವಾಪಸು ತೆಗೆದುಕೊಂಡೆ.

ಕೆಲವು ವಾರಗಳಾದ ಮೇಲೆ ಪೈರು ಹೇಗಿದೆ ನೋಡಲು ನಾವಿಬ್ಬರೂ ಜಯಮ್ಮನವರ ಊರಿಗೆ ಹೋದೆವು. ಪೈರು ಕಡುಹಸಿರಾಗಿ, ಬುಡದಿಂದ ಹೊಸ ಮರಿ ಚಿಗುರಿ ತೆಂಡೆಯೊಡೆದಿತ್ತು. ಮೈದುನ ಬಂದು, ಮುಂದಿನ ಸಲ ತನಗೂ ಯಂತ್ರ ಬೇಕೆಂದು ಮೆಲ್ಲಗೆ ಕೇಳಿ ಹೋದ. ಮನೆಯಲ್ಲಿ ಮುದ್ದೆ, ಉಪ್ಪುಸಾರು. ಊಟ ಮಾಡುತ್ತಾ ನಾನು ಜಯಮ್ಮನವರಿಗೆ ಫೋನಕ್ಕನ ರಿಪೇರಿಯನ್ನೆಲ್ಲ ವಿವರಿಸಿದೆ. ತಪ್ಪು ಯಂತ್ರದ್ದು, ಅದಕ್ಕೆ ಓದಿದ್ದನ್ನೆಲ್ಲ ನಂಬುವ ಚಾಳಿ, ಈಗ ಬುದ್ಧಿ ಕಲಿಸಿದ್ದೇವೆ ಎಂದು ಸ್ವಲ್ಪ ಉದ್ದವಾಗಿಯೇ ಹೇಳಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು ಕುಳಿತುಕೊಂಡರು.

"ಅವತ್ತು ಜನ ಇದ್ರು, ಅದ್ಕೇ ಅನ್ನಕ್ಕೋಗ್ನಿಲ್ಲ ಕಣಪ್ಪ," ಎಂದರು. "ಫೋನಕ್ಕ ಸ್ವಾಮಾರ ಅಂದಾಗ ನಂಗೂ ಅನ್ಮಾನ ಬಂದಿತ್ತು. ಯಂತ್ರದ್ ಮಾತ್ಯಾಕೆ, ಮನ್ಸರನ್ನೇ ಕೇಳ್ಬುಡಾನ ಅಂತ ನಿಮ್ಗೇ ಫೋನ್ ಮಾಡುದ್ನಲ್ಲ. ಒಸಿ ಇರಮ್ಮ, ನೋಡಿ ಯೋಳ್ತೀನಿ ಅಂದ್ರಿ. ನೋಡ್ಬುಟ್ಟು ಸ್ವಾಮಾರನೇ ಅಂದ್ರಿ. ನೀವು ಅದೇನ್ ನೋಡುದ್ರಿ?"

ನನಗೆ ಆ ಕರೆ ಮರೆತೇ ಹೋಗಿತ್ತು. ಅಂಥ ಕರೆಗಳು ಬಂದಾಗಲೆಲ್ಲ ನಾನು ಮಾಡುತ್ತಿದ್ದದ್ದು ಒಂದೇ ಕೆಲಸವಾದ್ದರಿಂದ ನೆನಪಿಡಲು ವಿಶೇಷವೇನೂ ಇರಲಿಲ್ಲ. ಶಬಾನಾ ತುತ್ತು ನಿಲ್ಲಿಸಿ ನನ್ನ ಕಡೆ ನೋಡಿದಳು. ಫೋನಕ್ಕನಿಗೆ ಬಂದ ಪ್ರಶ್ನೆಗಳಲ್ಲಿ ನನ್ನ ನಂಬರಿನಿಂದಲೇ ಬಹಳ ಇದ್ದವಂತೆ. ಸರ್ ಟೆಸ್ಟ್ ಮಾಡುತ್ತಿದ್ದಾರೆ, ಎಷ್ಟು ಕಾಳಜಿ ಎಂದುಕೊಂಡಿದ್ದಳಂತೆ. ಜಯಮ್ಮನವರು ಕೇಳಿದ್ದನ್ನೇ ನಾನೂ ಫೋನಕ್ಕನಿಗೆ ಕೇಳಿ, ಅವಳು ಹೇಳಿದ್ದನ್ನೇ ಹೇಳಿದ್ದೆ. ಇನ್ನರ್ಧ ಮುದ್ದೆ ಹಾಕಿ ಎಂದು ತಟ್ಟೆ ಮುಂದೆ ಚಾಚಿದೆ.

ಮರುದಿನ ಶಬಾನಾ ನನ್ನನ್ನು ಕೇಳದೆ ಇನ್ನೊಂದು ಬದಲಾವಣೆ ಮಾಡಿದಳು. ಈಗ ನನ್ನ ನಂಬರಿನಿಂದ ಸರದಿ ಕೇಳಿದರೆ ಫೋನಕ್ಕ ಉತ್ತರ ಕೊಡುವುದಿಲ್ಲ. ಕಚೇರಿಯ ಗೋಡೆಯ ಮೇಲಿರುವ ನೋಟೀಸನ್ನು ದಯವಿಟ್ಟು ನೋಡಿ ಎನ್ನುತ್ತಾಳೆ. ಆ ನೋಟೀಸು ಇರುವುದು ನನ್ನ ಕುರ್ಚಿಯ ಹಿಂದೆ, ನನ್ನ ತಲೆಯಿಂದ ಒಂದು ಮೊಳ ಮೇಲೆ.